ರ‍್ಯಾಂಕ್ ಪಟ್ಟಿಯ ವಿರುದ್ಧ ನಿಂತ ಹಾರ್ಡಿ

ಶ್ರೀನಿವಾಸ ರಾಮಾನುಜನ್ ಅವರ ಪ್ರತಿಭೆಯನ್ನು ಗುರುತಿಸಿದ ಕೇಂಬ್ರಿಜ್‌ನ ಗಣಿತಜ್ಞರೆಂದೇ ಜಿ.ಎಚ್. ಹಾರ್ಡಿ ಭಾರತೀಯರಿಗೆ ಪರಿಚಿತರು. ವಿಶ್ವವಿದ್ಯಾಲಯದ ಪರೀಕ್ಷಾ ಪದ್ಧತಿಯ ವಿರುದ್ಧ ಅವರು ನಡೆಸಿದ ದೀರ್ಘ ಹೋರಾಟ ಮಾತ್ರ ಅಷ್ಟಾಗಿ ಬೆಳಕಿಗೆ ಬಂದಿಲ್ಲ.

1877ರಲ್ಲಿ ಇಂಗ್ಲೆಂಡಿನ ಶಿಕ್ಷಕ ದಂಪತಿಗೆ ಜನಿಸಿದ ಹಾರ್ಡಿ 1896ರಲ್ಲಿ ಟ್ರಿನಿಟಿ ಕಾಲೇಜು ಸೇರಿದರು. ಅಲ್ಲಿನ ಗಣಿತದ ಆನರ್ಸ್ ಪರೀಕ್ಷೆಗೆ ಟ್ರೈಪಾಸ್ ಎಂದು ಹೆಸರು. ಅದರಲ್ಲಿ ಪ್ರಥಮ ದರ್ಜೆ ಪಡೆದವರು ರ‍್ಯಾಂಗ್ಲರ್‌ಗಳು. ಕನ್ನಡಿಗರಿಗೆ ಈ ಬಿರುದು ಅಪರಿಚಿತವಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಿ.ಸಿ. ಪಾವಟೆ ಅವರೂ ಮುಂದೆ ಇದೇ ಪರೀಕ್ಷೆಯಲ್ಲಿ ರ‍್ಯಾಂಗ್ಲರ್ ಆದವರು.

ಹಾರ್ಡಿಯವರ ಕಾಲದಲ್ಲಿ ಅಂಕಗಳ ಕ್ರಮದಲ್ಲಿ ಹೆಸರುಗಳನ್ನು ಪ್ರಕಟಿಸಲಾಗುತ್ತಿತ್ತು. ಮೊದಲ ಸ್ಥಾನಕ್ಕೆ ದೇಶವ್ಯಾಪಿ ಕೀರ್ತಿ. ಹೀಗಾಗಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಉಪನ್ಯಾಸಗಳನ್ನು ಬದಿಗಿಟ್ಟು ಹಣ ತೆತ್ತು ಖಾಸಗಿ ತರಬೇತುದಾರರ ಮನೆ ಬಾಗಿಲಿಗೆ ಹೋಗುತ್ತಿದ್ದರು. ಇಂದಿನ ಟ್ಯುಟೋರಿಯಲ್‌ಗಳು ನೆನಪಾದರೆ ಅಚ್ಚರಿಯಿಲ್ಲ. ಅಲ್ಲಿ ಕಲಿಸುತ್ತಿದ್ದುದು ವೇಗ ಮತ್ತು ಚಮತ್ಕಾರ. ಫ್ರಾನ್ಸ್, ಜರ್ಮನಿಗಳಲ್ಲಿ ಬೆಳೆಯುತ್ತಿದ್ದ ಹೊಸ ಗಣಿತದ ಸುಳಿವೇ ವಿದ್ಯಾರ್ಥಿಗೆ ಸಿಗುತ್ತಿರಲಿಲ್ಲ.

ಬೇಸತ್ತ ಹಾರ್ಡಿ ಗಣಿತ ಬಿಟ್ಟು ಇತಿಹಾಸ ಓದುವ ಯೋಚನೆಯನ್ನೂ ಮಾಡಿದ್ದರು. ಅವರನ್ನು ಉಳಿಸಿದವರು ಪ್ರಾಧ್ಯಾಪಕ ಲವ್. ಫ್ರಾನ್ಸಿನ ಜೋರ್ಡಾನ್ ಬರೆದ ವಿಶ್ಲೇಷಣ ಗಣಿತದ ಗ್ರಂಥವನ್ನು ಓದುವಂತೆ ಅವರು ಸೂಚಿಸಿದರು; ಗಣಿತವೆಂದರೇನೆಂದು ಹಾರ್ಡಿಗೆ ಅರ್ಥವಾದದ್ದು ಆ ಓದಿನಿಂದ. 1898ರ ಪರೀಕ್ಷೆಯಲ್ಲಿ ಅವರಿಗೆ ನಾಲ್ಕನೇ ಸ್ಥಾನ. ಅರ್ಥವಿಲ್ಲದ ಸ್ಪರ್ಧೆಯೆಂದು ತಿಳಿದೂ ಮೊದಲಿಗನಾಗಲಿಲ್ಲವೆಂಬ ನೋವು ಅವರನ್ನು ಕಾಡಿತೆಂಬುದು ಗಮನಾರ್ಹ.

ಅಧ್ಯಾಪಕರಾದ ಬಳಿಕ ಹಾರ್ಡಿ ಸುಧಾರಣಾವಾದಿಗಳ ಜೊತೆಗೂಡಿದರು. ತೀವ್ರ ವಿರೋಧದ ನಡುವೆಯೂ ಸುಧಾರಣೆ ಅಂಗೀಕಾರವಾಯಿತು. 1909ರದ್ದೇ ಕೊನೆಯ ರ‍್ಯಾಂಕ್ ಪಟ್ಟಿ. 1908ರಲ್ಲಿ ಹಾರ್ಡಿ ಹೊರತಂದ ಶುದ್ಧಗಣಿತದ ಪಠ್ಯವು ಇಂಗ್ಲಿಷ್ ವಿದ್ಯಾರ್ಥಿಗಳಿಗೆ ಕಟ್ಟುನಿಟ್ಟಾದ ಸಾಧನೆಯ ರುಚಿ ಹತ್ತಿಸಿತು.

1913ರಲ್ಲಿ ಮದ್ರಾಸಿನ ಗುಮಾಸ್ತರೊಬ್ಬರ ಪತ್ರ ಬಂದಿತು. ಗಣಿತದ ಹೊರತು ಉಳಿದ ವಿಷಯಗಳನ್ನು ಕಡೆಗಣಿಸಿ ವಿದ್ಯಾರ್ಥಿವೇತನ ಕಳೆದುಕೊಂಡು, ಎಫ್.ಎ. ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿದ್ದ ರಾಮಾನುಜನ್ ಅವರೇ ಆ ಗುಮಾಸ್ತರು. ಹಾರ್ಡಿ ನೋಡಿದ್ದು ಅಂಕಪಟ್ಟಿಯನ್ನಲ್ಲ, ಪತ್ರದಲ್ಲಿದ್ದ ಸೂತ್ರಗಳನ್ನು. ಆಧುನಿಕ ಸಾಧನಾಕ್ರಮವನ್ನು ಕಲಿಸಲೇಬೇಕಿತ್ತು. ಅತಿಯಾದರೆ ಸಹಜ ಸ್ಫೂರ್ತಿ ಬತ್ತುವ ಭಯವೂ ಇತ್ತು. ಪಠ್ಯಕ್ರಮವನ್ನು ಹೇರದೆ ಜೊತೆಯಲ್ಲಿ ಸಂಶೋಧನೆ ಮಾಡುತ್ತಲೇ ಕಲಿಸಿದರು. 1916ರಲ್ಲಿ ಸಂಶೋಧನೆಯ ಆಧಾರದ ಮೇಲೆಯೇ ರಾಮಾನುಜನ್ ಕೇಂಬ್ರಿಜ್ ಪದವಿ ಪಡೆದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

ಸುಧಾರಣೆಯಿಂದಲೂ ಹಾರ್ಡಿಗೆ ಸಮಾಧಾನವಾಗಲಿಲ್ಲ. 1926ರಲ್ಲಿ ಮ್ಯಾಥಮೆಟಿಕಲ್ ಅಸೋಸಿಯೇಷನ್ನಿನ ಅಧ್ಯಕ್ಷ ಭಾಷಣದಲ್ಲಿ ಟ್ರೈಪಾಸನ್ನು ತಿದ್ದುವುದಲ್ಲ, ತೆಗೆದೇ ಹಾಕಬೇಕೆಂದು ವಾದಿಸಿದರು. ಆ ಮಾತು ನಡೆಯಲಿಲ್ಲ. 1947ರ ಡಿಸೆಂಬರ್ 1ರಂದು ಅವರು ಕೇಂಬ್ರಿಜ್‌ನಲ್ಲಿ ನಿಧನರಾದಾಗಲೂ ಅಲ್ಲಿ ಟ್ರೈಪಾಸ್ ನಡೆಯುತ್ತಿತ್ತು, ಇಂದಿಗೂ ನಡೆಯುತ್ತಿದೆ.