ಡಬ್ಬದ ಮೇಲೆ ಇಲ್ಲದ ಹೆಸರು: ಫರ್ಡಿನಾಂಡ್ ಬ್ರೌನ್

ಪರೀಕ್ಷೆ ಮುಗಿದರೆ ನಮ್ಮ ಕಾಲೇಜಿನ ಹುಡುಗರ ಬಾಯಲ್ಲಿ ಎರಡೇ ಮಾತು. ಒಂದು ಕ್ರಿಕೆಟ್, ಇನ್ನೊಂದು ಗೇಮಿಂಗ್. ಗೇಮಿಂಗ್ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಮಾನಿಟರಿಗೆ ಬಂದು ನಿಲ್ಲುತ್ತದೆ. ಯಾರದು 144 ಹರ್ಟ್ಜ್, ಯಾರದು 165, ಯಾರ ಅಬ್ಬಾ ಕೊಡಿಸಿದರು, ಯಾರ ಅಬ್ಬಾ ಬೇಡ ಎಂದರು ಎಂಬ ಚರ್ಚೆ ಬೆಲ್ ಹೊಡೆಯುವವರೆಗೆ ನಡೆಯುತ್ತದೆ. ಮಾನಿಟರ್ ಬರುವ ಡಬ್ಬದ ಮೇಲೆ ಕಂಪನಿಯ ಹೆಸರು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಹರ್ಟ್ಜ್ ಎಂಬ ವಿಜ್ಞಾನಿಯ ಹೆಸರೂ ಇರುತ್ತದೆ. ಆದರೆ ಎಲೆಕ್ಟ್ರಾನ್ ಕಿರಣದಿಂದ ಪರದೆಯ ಮೇಲೆ ಗೆರೆ ಬರೆಯುವ ನಳಿಕೆಯನ್ನು ಮಾಡಿ ಲೋಕಕ್ಕೆ ಕೊಟ್ಟವರ ಹೆಸರು ಅಲ್ಲಿ ಇರುವುದಿಲ್ಲ. ಅವರು ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್. ಅವರ ಜೀವನವನ್ನು ತಿಳಿದುಕೊಂಡರೆ ಡಬ್ಬದ ಮೇಲಿನ ಅಂಕಿಗಳೂ ಅರ್ಥವಾಗುತ್ತವೆ, ಮನೆಯವರ ಹಣವೂ ಉಳಿಯುತ್ತದೆ.

ಬ್ರೌನ್ ಅವರು 1850ರ ಜೂನ್ 6ರಂದು ಫುಲ್ದಾ ಎಂಬ ಊರಿನಲ್ಲಿ ಹುಟ್ಟಿದರು. ಮಾರ್‌ಬರ್ಗ್‌ನಲ್ಲಿ ಓದಿ, ಬರ್ಲಿನ್‌ಗೆ ಹೋಗಿ, 1872ರಲ್ಲಿ ಡಾಕ್ಟರೇಟ್ ಪಡೆದರು. ಅವರ ಸಂಶೋಧನೆಯ ವಿಷಯ ತಂತಿಗಳ ಕಂಪನ. ಬಿಗಿದ ತಂತಿಯೊಂದು ಸೆಕೆಂಡಿಗೆ ಎಷ್ಟು ಸಲ ಅತ್ತಿತ್ತ ಆಡುತ್ತದೆ, ಅದು ಯಾವುದರಿಂದ ಬದಲಾಗುತ್ತದೆ ಎಂಬುದನ್ನು ಅವರು ಅಳೆದರು. ಮುಂದೆ ಅವರ ಬದುಕೆಲ್ಲ ಇದೇ ಪ್ರಶ್ನೆಯ ಸುತ್ತ ತಿರುಗಿತು. ಒಂದು ಸೆಕೆಂಡಿನೊಳಗೆ ಆಗಿಹೋಗುವುದನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆ?

ಗೇಮಿಂಗ್ ಮಾನಿಟರಿನ ಮೊದಲ ಅಂಕಿಯೂ ಇದೇ. 60 ಹರ್ಟ್ಜ್ ಎಂದರೆ ಪರದೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ತೋರಿಸುತ್ತದೆ. ಲೆಕ್ಕ ಹಾಕಿದರೆ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್. 144 ಹರ್ಟ್ಜ್ ಆದರೆ 6.9 ಮಿಲಿಸೆಕೆಂಡ್. 240 ಆದರೆ 4.2. ಅರವತ್ತರಿಂದ 144ಕ್ಕೆ ಹೋದಾಗ ಪ್ರತಿ ಚಿತ್ರಕ್ಕೆ ಸುಮಾರು 10 ಮಿಲಿಸೆಕೆಂಡ್ ಉಳಿಯುತ್ತದೆ. ಅಲ್ಲಿಂದ 240ಕ್ಕೆ ಹೋದರೆ ಮೂರು ಮಿಲಿಸೆಕೆಂಡ್ ಕೂಡ ಉಳಿಯುವುದಿಲ್ಲ. ಆದರೆ ಬೆಲೆ ಮಾತ್ರ ಏರುತ್ತಲೇ ಹೋಗುತ್ತದೆ. ಅರ್ಥಶಾಸ್ತ್ರದಲ್ಲಿ ನಾವು ಓದುವ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮಕ್ಕೆ ಕಿತ್ತಳೆ ಹಣ್ಣಿನ ಉದಾಹರಣೆಯೇ ಬೇಕಾಗಿಲ್ಲ, ಇದು ಸಾಕು.

ಡಾಕ್ಟರೇಟ್ ಆದ ಮೇಲೂ ಬ್ರೌನ್ ಅವರು ನೇರವಾಗಿ ದೊಡ್ಡ ಪ್ರಾಧ್ಯಾಪಕರಾಗಲಿಲ್ಲ. ಶಿಕ್ಷಕರ ಪರೀಕ್ಷೆ ಬರೆದು 1874ರಲ್ಲಿ ಲೈಪ್‌ಜಿಗ್‌ನ ಒಂದು ಶಾಲೆಗೆ ಮೇಷ್ಟ್ರಾಗಿ ಸೇರಿದರು. ಮಕ್ಕಳಿಗಾಗಿ ಗಣಿತ ಮತ್ತು ವಿಜ್ಞಾನದ ಪುಸ್ತಕವನ್ನೂ ಬರೆದರು. ಆ 1874ರಲ್ಲೇ ಅವರು ಲೋಹದ ಸಲ್ಫೈಡ್ ಹರಳುಗಳ ಮೇಲೆ ಲೋಹದ ಮೊನೆ ಇಟ್ಟು ವಿದ್ಯುತ್ ಹರಿಸಿದಾಗ ಒಂದು ವಿಚಿತ್ರ ಕಂಡರು. ಒಂದು ದಿಕ್ಕಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತಿತ್ತು, ಎದುರು ದಿಕ್ಕಿನಲ್ಲಿ ಹರಿಯುತ್ತಿರಲಿಲ್ಲ. ಇಂದು ಡಯೋಡ್ ಮಾಡುವ ಕೆಲಸ ಅದೇ. ಆಗ ಅದಕ್ಕೆ ಉಪಯೋಗವಾಗಲಿ, ಸರಿಯಾದ ವಿವರಣೆಯಾಗಲಿ ಯಾರ ಬಳಿಯೂ ಇರಲಿಲ್ಲ.

ಅಲ್ಲಿಂದ ಮುಂದೆ ಅವರು ಊರಿಂದ ಊರಿಗೆ ಕೆಲಸ ಬದಲಿಸಿದರು. ಅದರಲ್ಲಿ ಒಂದು ಊರು ಕಾರ್ಲ್ಸ್‌ರೂಹೆ. 1883ರಿಂದ 1885ರವರೆಗೆ ಅಲ್ಲಿನ ತಾಂತ್ರಿಕ ವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರು ಬಿಟ್ಟ ಜಾಗಕ್ಕೆ ಬಂದವರು ಹೈನ್ರಿಕ್ ಹರ್ಟ್ಜ್. ರೇಡಿಯೋ ಅಲೆಗಳು ಇವೆ ಎಂದು ಹರ್ಟ್ಜ್ ತೋರಿಸಿದ್ದು ಅಲ್ಲಿಯೇ. ಹರ್ಟ್ಜ್ ಹೋದ ಮೇಲೆ 1889ರಲ್ಲಿ ಆ ಜಾಗಕ್ಕೆ ಬಂದವರು ಓಟ್ಟೋ ಲೇಮನ್. ಹರಿಯುವ ಹರಳುಗಳನ್ನು, ಅಂದರೆ ಲಿಕ್ವಿಡ್ ಕ್ರಿಸ್ಟಲ್‌ಗಳನ್ನು, ಸೂಕ್ಷ್ಮದರ್ಶಕದಲ್ಲಿ ನೋಡಿ ಲೋಕಕ್ಕೆ ಪರಿಚಯಿಸಿದವರಲ್ಲಿ ಅವರು ಮುಖ್ಯರು. ಎಲ್‌ಸಿಡಿ ಎಂಬ ಹೆಸರಿನ ಮೊದಲ ಎರಡು ಅಕ್ಷರಗಳು ಆ ಹರಳುಗಳದ್ದೇ. ಒಂದೇ ವಿದ್ಯಾಲಯದ ಒಂದೇ ಹುದ್ದೆಯಲ್ಲಿ ಒಬ್ಬರ ನಂತರ ಒಬ್ಬರು ಕುಳಿತ ಮೂವರು. ಅವರಲ್ಲಿ ಹರ್ಟ್ಜ್ ಹೆಸರೂ ಲೇಮನ್ ನೋಡಿದ ಹರಳೂ ಇವತ್ತು ಮಾನಿಟರ್ ಡಬ್ಬದ ಮೇಲೆ ಇವೆ. ಬ್ರೌನ್ ಮಾತ್ರ ಇಲ್ಲ.

1895ರಲ್ಲಿ ಬ್ರೌನ್ ಅವರು ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಸಂಸ್ಥೆಯ ನಿರ್ದೇಶಕರಾದರು. ಆ ಊರು ಆಗ ಜರ್ಮನಿಯದು, ಈಗ ಫ್ರಾನ್ಸಿನದು. ಆ ಕಾಲದಲ್ಲಿ ಊರೂರಿಗೆ ಹೊಸದಾಗಿ ವಿದ್ಯುತ್ ಬರುತ್ತಿತ್ತು. ಪರ್ಯಾಯ ವಿದ್ಯುತ್ ಸೆಕೆಂಡಿಗೆ ಹತ್ತಾರು ಸಲ ದಿಕ್ಕು ಬದಲಿಸುತ್ತದೆ. ಅದನ್ನು ಅಳೆಯಲು ಇದ್ದದ್ದು ಮುಳ್ಳಿನ ಮೀಟರುಗಳು. ಮುಳ್ಳಿಗೆ ತೂಕವಿದೆ, ತೂಕವಿದ್ದಲ್ಲಿ ಜಡತ್ವವಿದೆ. ಅದು ಬಲಕ್ಕೆ ಹೊರಡುವಷ್ಟರಲ್ಲಿ ವಿದ್ಯುತ್ ಎಡಕ್ಕೆ ತಿರುಗಿರುತ್ತದೆ. ಹಾಗಾಗಿ ವಿದ್ಯುತ್ತಿನ ನಿಜವಾದ ಆಕಾರವನ್ನು ಮುಳ್ಳು ತೋರಿಸಲಾರದು.

ತೂಕವೇ ಇಲ್ಲದಂಥ ಮುಳ್ಳು ಬೇಕಾಗಿತ್ತು. ಬ್ರೌನ್ ಅವರು ಅದಕ್ಕೆ ಕ್ಯಾಥೋಡ್ ಕಿರಣವನ್ನು ಬಳಸಿದರು. ಗಾಳಿ ತೆಗೆದ ಗಾಜಿನ ನಳಿಕೆಯ ಒಂದು ತುದಿಯಿಂದ ಕಿರಣ ಹೊರಡುತ್ತದೆ. ನಡುವೆ ಸಣ್ಣ ರಂಧ್ರವೊಂದು ಅದನ್ನು ತೆಳುವಾಗಿಸುತ್ತದೆ. ಇನ್ನೊಂದು ತುದಿಯಲ್ಲಿ ಅಭ್ರಕದ ಹಾಳೆ, ಅದರ ಮೇಲೆ ಕಿರಣ ತಾಗಿದರೆ ಹೊಳೆಯುವ ಲೇಪ. ಹೊರಗೆ ತಂತಿಯ ಸುರುಳಿ ಇಟ್ಟು ಅದರಲ್ಲಿ ವಿದ್ಯುತ್ ಹರಿಸಿದರೆ, ಅದರ ಕಾಂತಬಲಕ್ಕೆ ಕಿರಣ ಬಾಗುತ್ತದೆ, ಹೊಳೆಯುವ ಚುಕ್ಕೆ ಮೇಲೆ ಕೆಳಗೆ ಓಡುತ್ತದೆ. ತಿರುಗುವ ಕನ್ನಡಿಯಲ್ಲಿ ಆ ಚುಕ್ಕೆಯನ್ನು ನೋಡಿದರೆ ಅದು ಅಲೆಯಾಗಿ ಕಾಣುತ್ತದೆ. 1897ರಲ್ಲಿ ಅವರು ಇದನ್ನು ಪ್ರಕಟಿಸಿದರು. ಎರಡು ವರ್ಷದ ನಂತರ ಅವರ ಸಹಾಯಕ ಯೋನಾಥನ್ ಜೆನ್ನೆಕ್ ಅವರು ಚುಕ್ಕೆಯನ್ನು ಅಡ್ಡಡ್ಡಲಾಗಿಯೂ ಒಂದೇ ವೇಗದಲ್ಲಿ ಓಡಿಸುವ ಏರ್ಪಾಡು ಸೇರಿಸಿದರು. ಕನ್ನಡಿಯ ಅಗತ್ಯ ತಪ್ಪಿತು. ಅಲೆ ನೇರವಾಗಿ ಪರದೆಯ ಮೇಲೇ ಮೂಡಿತು.

ನಮ್ಮ ಮನೆಯ ಮಾತು ಉರ್ದು. ಅಮ್ಮಿ ಕಿಟಕಿಗೆ ಹಾಕುವುದೂ ಪರ್ದಾ, ಸಿನಿಮಾ ಕಾಣಿಸುವುದೂ ಪರ್ದಾ. ಕನ್ನಡದ ಪರದೆಯೂ ಅದೇ ಪದ. ಮುಚ್ಚುವುದಕ್ಕೂ ತೋರಿಸುವುದಕ್ಕೂ ಒಂದೇ ಹೆಸರು. ಬ್ರೌನ್ ಅವರ ಪರದೆ ತೋರಿಸುವ ಬಗೆಯದು. ಡಬ್ಬದ ಮೇಲಿನ ಅಂಕಿಗಳು ಕೆಲವೊಮ್ಮೆ ಮುಚ್ಚುವ ಬಗೆಯವು.

ಹೇಗೆಂದರೆ, ಬ್ರೌನ್ ಅವರು ಗೆದ್ದ ಜಡತ್ವ ಎಲ್‌ಸಿಡಿಯಲ್ಲಿ ಮತ್ತೆ ಬಂದು ಕುಳಿತಿದೆ. ಎಲ್‌ಸಿಡಿಯ ಪ್ರತಿ ಚುಕ್ಕೆಯಲ್ಲೂ ಹರಳಿನ ಅಣುಗಳು ತಿರುಗಬೇಕು. ತಿರುಗಲು ಸಮಯ ಬೇಕು. ಮುಂದಿನ ಚಿತ್ರ ಬರುವಷ್ಟರಲ್ಲಿ ಅವು ತಿರುಗಿ ಮುಗಿಸದಿದ್ದರೆ ಓಡುವ ಆಟಗಾರನ ಹಿಂದೆ ನೆರಳಿನಂತೆ ಬಾಲ ಉಳಿಯುತ್ತದೆ. ಈ ಸಮಯವನ್ನು ರೆಸ್ಪಾನ್ಸ್ ಟೈಮ್ ಎನ್ನುತ್ತಾರೆ. ಡಬ್ಬದ ಮೇಲೆ 1 ಮಿಲಿಸೆಕೆಂಡ್ ಎಂದು ಇರುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಅನುಕೂಲವಾದ ಸ್ಥಿತಿಯ ಲೆಕ್ಕ. ಟಿಎನ್ ಪ್ಯಾನೆಲ್ ವೇಗವಾಗಿರುತ್ತದೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತದೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಗಾಢವಾಗಿರುತ್ತದೆ, ಆದರೆ ಕತ್ತಲ ದೃಶ್ಯಗಳಲ್ಲಿ ಬಾಲ ಹೆಚ್ಚು ಕಾಣಬಹುದು. ಐಪಿಎಸ್‌ನಲ್ಲಿ ಬಣ್ಣವೂ ವೇಗವೂ ಒಂದು ಮಟ್ಟಿಗೆ ಹೊಂದಿಕೊಂಡು ಬರುತ್ತವೆ, ಓದುವುದಕ್ಕೂ ಆಡುವುದಕ್ಕೂ ಒಂದೇ ಮಾನಿಟರ್ ಬೇಕೆನ್ನುವ ಮನೆಗೆ ಅದು ಸರಿ. ಮಾನಿಟರಿನ ಮೆನುವಿನಲ್ಲಿ ಓವರ್‌ಡ್ರೈವ್ ಎಂಬುದು ಇದ್ದರೆ ಅದನ್ನು ತುದಿಗೆ ಏರಿಸಬೇಡಿ. ಹರಳನ್ನು ಅತಿಯಾಗಿ ದಬ್ಬಿದರೆ ಅದು ಗುರಿ ದಾಟಿ, ಬಾಲದ ಬದಲು ಬೆಳ್ಳಗಿನ ಅಂಚು ಕಾಣುತ್ತದೆ. ನಡುವಿನ ಮಟ್ಟವೇ ಒಳ್ಳೆಯದು.

ಈಗ ಕಾಮರ್ಸ್ ವಿದ್ಯಾರ್ಥಿಗಳು ಕಿವಿಗೊಡಬೇಕಾದ ಮಾತು. ಬ್ರೌನ್ ಅವರು ಈ ನಳಿಕೆಗೆ ಪೇಟೆಂಟ್ ಪಡೆಯಲಿಲ್ಲ. ಮಾಡುವ ಬಗೆಯನ್ನು ಬರೆದು ಪ್ರಕಟಿಸಿದರು, ಬೇಕಾದವರು ಮಾಡಿಕೊಂಡರು. ಜಪಾನಿನಲ್ಲಿ ಕೆಂಜಿರೋ ತಕಾಯಾನಗಿ ಅವರು 1926ರ ಡಿಸೆಂಬರ್ 25ರಂದು ಇಂಥ ನಳಿಕೆಯ ಮೇಲೆ ಒಂದು ಜಪಾನಿ ಅಕ್ಷರವನ್ನು ಮೂಡಿಸಿದರು. ಮುಂದೆ ಟಿವಿ ಬಂತು, ಕಂಪ್ಯೂಟರ್ ಬಂತು. ನಮ್ಮ ಅಜ್ಜ ಅಜ್ಜಿಯರ ಮನೆಯಲ್ಲಿದ್ದ ದಪ್ಪ ಟಿವಿಯೊಳಗೆ ಇದ್ದದ್ದು ಈ ನಳಿಕೆಯೇ. ಲೆಕ್ಕಶಾಸ್ತ್ರದಲ್ಲಿ ಪೇಟೆಂಟ್ ಎಂಬುದು ಕಣ್ಣಿಗೆ ಕಾಣದ ಆಸ್ತಿ. ಬ್ರೌನ್ ಅವರ ಖಾತೆಯಲ್ಲಿ ಈ ಆಸ್ತಿಯ ಸಾಲು ಖಾಲಿ.

ಆದರೆ ಅವರಿಗೆ ಪೇಟೆಂಟ್ ಲೋಕ ಗೊತ್ತಿರಲಿಲ್ಲ ಎಂದಲ್ಲ. ನಳಿಕೆಯ ನಂತರ ಅವರು ತಂತಿಯಿಲ್ಲದ ಸಂದೇಶದ ಕಡೆ ತಿರುಗಿದರು. ಮಾರ್ಕೋನಿಯವರ ಮೊದಲ ಯಂತ್ರಗಳಲ್ಲಿ ಕಿಡಿ ಹಾರುವ ಭಾಗವನ್ನು ನೇರವಾಗಿ ಆಂಟೆನಾಗೆ ಜೋಡಿಸಲಾಗಿತ್ತು, ಆದ್ದರಿಂದ ಶಕ್ತಿ ಹೆಚ್ಚಿಸಲು ಮಿತಿ ಇತ್ತು. ಬ್ರೌನ್ ಅವರು ಎರಡನ್ನೂ ಬೇರೆ ಮಾಡಿ, ಸುರುಳಿಗಳ ಮೂಲಕ ಹೊಂದಿಸಿದರು. ಕಳಿಸುವ ಕಡೆ ಮತ್ತು ಪಡೆಯುವ ಕಡೆ ಒಂದೇ ಕಂಪನಕ್ಕೆ ಹೊಂದಿಕೊಂಡರೆ ಸಂದೇಶ ದೂರ ಹೋಗುತ್ತದೆ, ಸ್ಪಷ್ಟವಾಗಿ ತಲಪುತ್ತದೆ. ಈ ಕೆಲಸಕ್ಕೆ ಪೇಟೆಂಟ್‌ಗಳಿದ್ದವು, ಕಂಪನಿಯೂ ಇತ್ತು. 1909ರ ನೊಬೆಲ್ ಬಹುಮಾನವನ್ನು ಮಾರ್ಕೋನಿ ಮತ್ತು ಬ್ರೌನ್ ಹಂಚಿಕೊಂಡದ್ದು ರೇಡಿಯೋ ಕೆಲಸಕ್ಕೆ, ನಳಿಕೆಗಲ್ಲ.

ಕಳಿಸುವ ಕಡೆ, ಪಡೆಯುವ ಕಡೆ ಎಂಬ ಈ ಪಾಠ ಮಾನಿಟರ್ ಜೋಡಿಸುವಾಗಲೂ ಬೇಕು. ನಮ್ಮ ಖಾಲಾ ಅವರ ಮಗ 144 ಹರ್ಟ್ಜ್ ಮಾನಿಟರ್ ತಂದು ಎಷ್ಟೋ ತಿಂಗಳು ಅದನ್ನು 60ರಲ್ಲೇ ಓಡಿಸುತ್ತಿದ್ದರು. ಕೇಬಲ್ ಅನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕುವ ಬದಲು ಮದರ್‌ಬೋರ್ಡಿಗೆ ಹಾಕಿದ್ದರು, ಸೆಟ್ಟಿಂಗ್ ಅನ್ನೂ ಬದಲಿಸಿರಲಿಲ್ಲ. ಮೊದಲು ನಿಮ್ಮ ಕಂಪ್ಯೂಟರ್ ಆಟದಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಕೊಡುತ್ತದೆ ಎಂದು ನೋಡಿ. ಅದು 60 ಮಾತ್ರ ಕೊಟ್ಟರೆ 240 ಹರ್ಟ್ಜ್ ಪರದೆಗೆ ಹಣ ಹಾಕುವುದು ದಂಡ. ಡಿಸ್‌ಪ್ಲೇಪೋರ್ಟ್ ಕೇಬಲ್ ಆಗಲಿ ಎಚ್‌ಡಿಎಂಐ ಆಗಲಿ, ಆ ವೇಗವನ್ನು ಹೊರುವ ಆವೃತ್ತಿಯದೇ ಇರಬೇಕು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂದು ಹೋಗಿ ರಿಫ್ರೆಶ್ ರೇಟ್ ಅನ್ನು ಕೈಯಾರೆ ಆರಿಸಿ. ಗ್ರಾಫಿಕ್ಸ್ ಕಾರ್ಡಿನ ವೇಗ ಏರಿಳಿದಾಗ ಪರದೆಯೂ ಅದರ ಜೊತೆ ಹೊಂದಿಕೊಳ್ಳುವ ಅಡಾಪ್ಟಿವ್ ಸಿಂಕ್ ಇದ್ದರೆ ಅದನ್ನೂ ಆನ್ ಮಾಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಲಿ, ದೂರ ಒಂದು ತೋಳಿನಷ್ಟು ಇರಲಿ, ಕಿಟಕಿಯ ಬೆಳಕು ಪಕ್ಕದಿಂದ ಬರಲಿ.

ಬ್ರೌನ್ ಅವರ ಕೊನೆಯ ವರ್ಷಗಳು ಸುಖದ್ದಲ್ಲ. ಅಮೆರಿಕದ ನ್ಯೂಯಾರ್ಕ್ ಬಳಿ ಲಾಂಗ್ ಐಲ್ಯಾಂಡ್ ದ್ವೀಪದ ಸೇವಿಲ್‌ನಲ್ಲಿ ಜರ್ಮನ್ ಕಂಪನಿಯೊಂದರ ರೇಡಿಯೋ ಕೇಂದ್ರವಿತ್ತು. ಅದು ತನ್ನ ಪೇಟೆಂಟ್‌ಗಳನ್ನು ಉಲ್ಲಂಘಿಸಿದೆ ಎಂದು ಮಾರ್ಕೋನಿ ಕಂಪನಿ ದಾವೆ ಹೂಡಿತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿತ್ತು. ಬ್ರೌನ್ ಅವರಿಗೆ 64 ವರ್ಷ, ಆರೋಗ್ಯ ಚೆನ್ನಾಗಿರಲಿಲ್ಲ. ಆದರೂ ಸಾಕ್ಷಿ ಹೇಳಲು ಆ ವರ್ಷದ ಕೊನೆಯಲ್ಲಿ ಹಡಗು ಹತ್ತಿದರು. ಯುದ್ಧ ಬೇಗ ಮುಗಿಯಲಿಲ್ಲ, ಸಮುದ್ರದ ದಾರಿ ಮುಚ್ಚಿಹೋಯಿತು. 1917ರಲ್ಲಿ ಅಮೆರಿಕವೂ ಯುದ್ಧಕ್ಕೆ ಇಳಿದಾಗ ಅವರು ಶತ್ರು ದೇಶದ ಪ್ರಜೆಯಾದರು. ಬ್ರೂಕ್ಲಿನ್‌ನಲ್ಲಿ ಮಗನ ಆಸರೆಯಲ್ಲಿದ್ದು, 1918ರ ಏಪ್ರಿಲ್ 20ರಂದು ತೀರಿಕೊಂಡರು. ಯುದ್ಧ ಮುಗಿದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಅವರು ಇಪ್ಪತ್ತು ವರ್ಷ ದುಡಿದ ಸ್ಟ್ರಾಸ್‌ಬರ್ಗ್ ಅಷ್ಟರಲ್ಲಿ ಫ್ರಾನ್ಸಿನ ಕೈ ಸೇರಿತ್ತು. ಹಿಂದಿರುಗಿದ್ದರೂ ಅವರಿಗೆ ಆ ಪ್ರಯೋಗಾಲಯ ಸಿಗುತ್ತಿರಲಿಲ್ಲ.

ಪೇಟೆಂಟ್ ಇದ್ದ ಕೆಲಸ ಅವರನ್ನು ಮನೆಯಿಂದ ದೂರ ಒಯ್ದು ಅಲ್ಲಿಯೇ ಬಿಟ್ಟಿತು. ಪೇಟೆಂಟ್ ಇಲ್ಲದ ಕೆಲಸ ಲೋಕದ ಮನೆಮನೆಗೂ ಹೋಯಿತು. ಇದರಿಂದ ಪೇಟೆಂಟ್ ಕೆಟ್ಟದ್ದು ಎಂದು ನಾನು ಹೇಳಲಾರೆ. ಅದಿಲ್ಲದೆ ಕಂಪನಿಗಳು ಹೊಸದಕ್ಕೆ ಹಣ ಹಾಕುವುದು ಕಷ್ಟ. ಆದರೆ ಒಂದು ವಸ್ತುವಿನ ಬೆಲೆ ಬೇರೆ, ಅದರಿಂದ ಆಗುವ ಉಪಕಾರ ಬೇರೆ ಎಂಬುದನ್ನು ಇವರ ಜೀವನದಷ್ಟು ಸ್ಪಷ್ಟವಾಗಿ ನಮ್ಮ ಯಾವ ಪಾಠವೂ ನನಗೆ ತೋರಿಸಿಲ್ಲ.

ಅವರು ಬಂದ ಅದೇ ಲಾಂಗ್ ಐಲ್ಯಾಂಡ್‌ನಲ್ಲಿ ಬ್ರೂಕ್‌ಹೇವನ್ ಎಂಬ ಪ್ರಯೋಗಾಲಯವಿದೆ. 1958ರಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಅಲ್ಲಿಗೆ ಭೇಟಿ ಕೊಡುವ ಜನರ ಬೇಸರ ಕಳೆಯಲೆಂದು ಆಸಿಲೋಸ್ಕೋಪಿನ ಪುಟ್ಟ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ಮಾಡಿದರು. ಚುಕ್ಕೆಯೊಂದು ಬಲೆಯ ಮೇಲೆ ಅತ್ತಿತ್ತ ಹಾರುತ್ತಿತ್ತು, ಜನ ಸಾಲುಗಟ್ಟಿ ನಿಂತು ಆಡಿದರು. ವಿಡಿಯೋ ಗೇಮ್‌ಗಳ ಇತಿಹಾಸ ಬರೆಯುವವರು ಈ ಆಟವನ್ನು ಮೊದಲ ಸಾಲಿನಲ್ಲಿ ಇಡುತ್ತಾರೆ. ಆ ಪರದೆ ಬ್ರೌನ್ ಅವರ ನಳಿಕೆಯದೇ. ಹಿಗಿನ್‌ಬಾಥಮ್ ಅವರೂ ತಮ್ಮ ಆಟಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ.