ಟೋಪಿಗಾರ ಜಾನ್ ಬಿ. ಸ್ಟೆಟ್ಸನ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಸಾಧಕರ ಜೀವನ ಚರಿತ್ರೆ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ ನಾನು ಟೋಪಿ ಮಾಡುವವರೊಬ್ಬರ ಹೆಸರು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಾದರು. ವಿಶ್ವೇಶ್ವರಯ್ಯನವರ ಬಗ್ಗೆ, ಕಲಾಂ ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವ ಗೆಳೆಯರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ಟೋಪಿ ಹಾಕುವುದು ಎಂದರೆ ನಮ್ಮಲ್ಲಿ ಮೋಸ ಮಾಡುವುದು ಎಂದೇ ಅರ್ಥ ಇರುವಾಗ ಟೋಪಿಯವರನ್ನು ಯಾಕೆ ಆರಿಸಿಕೊಂಡೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಹಿರಿಯರಿಗೆ ನಮ್ಮಜ್ಜನ ನೆನಪು ಇರಬಹುದು. ಹೆಗಲ ಮೇಲೆ ಉದ್ದನೆಯ ಬಿಲ್ಲು ಇಟ್ಟುಕೊಂಡು ಓಣಿ ಓಣಿ ತಿರುಗಿ ಗಾದಿಯ ಹತ್ತಿ ಹಿಂಜಿಕೊಡುತ್ತಿದ್ದರು. ಮರದ ಗುಂಡಿನಿಂದ ಬಿಲ್ಲಿನ ಹುರಿಯನ್ನು ಬಡಿದರೆ ಟೊಂಯ್ ಟೊಂಯ್ ಎಂದು ಸದ್ದು ಬಂದು, ಗಟ್ಟಿಯಾಗಿ ಕೂತಿದ್ದ ಹತ್ತಿ ಮೋಡದ ಹಾಗೆ ಎದ್ದು ನಿಲ್ಲುತ್ತಿತ್ತು. ಸಂಜೆ ಮನೆಗೆ ಬಂದ ಮೇಲೆ ಅಜ್ಜ ಬಹಳ ಹೊತ್ತು ಕೆಮ್ಮುತ್ತಿದ್ದರು. ಎಂಟನೇ ತರಗತಿಗೆ ಸೇರುವಾಗ ಅರ್ಜಿಯಲ್ಲಿ ಮನೆಯ ಕಸುಬು ಏನೆಂದು ಕೇಳಿದ್ದರು. ನಾನು ಕೂಲಿ ಎಂದು ಬರೆಸಿದೆ. ಹತ್ತಿ ಹಿಂಜುವುದು ಎಂದು ಬರೆಸಲು ನಾಚಿಕೆಯಾಗಿತ್ತು.

ಕೆಲವು ವರ್ಷಗಳ ಹಿಂದೆ ಕಂಪನಿಯ ಕೆಲಸದ ಮೇಲೆ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ಗೆ ಹೋಗಿದ್ದೆ. ಅಲ್ಲಿ ಅಗಲ ಅಂಚಿನ ಕೌಬಾಯ್ ಹ್ಯಾಟ್ ಹಾಕಿದವರು ಬ್ಯಾಂಕಿನಲ್ಲೂ ಕಾಣಸಿಗುತ್ತಾರೆ. ಒಂದು ಹ್ಯಾಟ್ ಅಂಗಡಿಗೆ ಸುಮ್ಮನೆ ನೋಡಲು ಹೊಕ್ಕೆ. ಗೋಡೆಯ ಮೇಲೆ ಹಳೆಯ ಕಾಲದ ಟೋಪಿ ಕಾರ್ಖಾನೆಯ ಚಿತ್ರ ತೂಗುಹಾಕಿದ್ದರು. ಅದರಲ್ಲಿ ಒಬ್ಬ ಮನುಷ್ಯ ಮೇಜಿನ ಮುಂದೆ ನಿಂತು ಆಳೆತ್ತರದ ಬಿಲ್ಲಿನ ಹುರಿ ಮಿಡಿಯುತ್ತಿದ್ದಾನೆ, ಅವನ ಮುಂದೆ ತುಪ್ಪಳ ಮೋಡದಂತೆ ಎದ್ದಿದೆ. ನಮ್ಮಜ್ಜನದೇ ಬಿಲ್ಲು! ಅಂಗಡಿಯಿಂದ ಬೇಗ ಹೊರಗೆ ಬರಲಾಗಲಿಲ್ಲ. ಅಂಗಡಿಯ ತುಂಬ ಇದ್ದ ಟೋಪಿಗಳ ಮೇಲೆ ಸ್ಟೆಟ್ಸನ್ ಎಂಬ ಹೆಸರಿತ್ತು. ಆಮೇಲೆ ಆ ಹೆಸರಿನ ಬೆನ್ನು ಹತ್ತಿ ಓದಿದ್ದರಲ್ಲಿ ಕೆಲವನ್ನು ಇಲ್ಲಿ ಬರೆದಿದ್ದೇನೆ.

ಜಾನ್ ಬ್ಯಾಟರ್ಸನ್ ಸ್ಟೆಟ್ಸನ್ ಹುಟ್ಟಿದ್ದು 1830ರ ಮೇ 5ರಂದು, ಅಮೆರಿಕದ ಪೂರ್ವ ತೀರದ ನ್ಯೂಜೆರ್ಸಿ ರಾಜ್ಯದ ಆರೆಂಜ್ ಎಂಬ ಊರಿನಲ್ಲಿ. ಹನ್ನೆರಡು ಮಕ್ಕಳಲ್ಲಿ ಅವರು ಏಳನೆಯವರು. ತಂದೆ ಸ್ಟೀಫನ್ ಟೋಪಿ ಮಾಡುವವರು. ಆರೆಂಜ್ ಆಗ ಟೋಪಿಗೆ ಹೆಸರಾದ ಊರು. ಇಷ್ಟು ದೊಡ್ಡ ಸಂಸಾರದಲ್ಲಿ ಹುಡುಗನಿಗೆ ಕ್ರಮವಾದ ಶಾಲೆ ಸಿಗಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಕೈಗೆ ಕೆಲಸ ಬಂತು.

ಆ ಕೆಲಸ ಏನೆಂದು ಸ್ವಲ್ಪ ವಿವರಿಸಬೇಕು. ಒಳ್ಳೆಯ ಹ್ಯಾಟನ್ನು ಬಟ್ಟೆ ಹೊಲಿದು ಮಾಡುವುದಿಲ್ಲ. ಅದು ಫೆಲ್ಟ್ ಎಂಬ ವಸ್ತುವಿನದು. ನಮ್ಮ ಕಡೆ ಕುರಿಯ ಉಣ್ಣೆಯನ್ನು ನೂತು ಮಗ್ಗದಲ್ಲಿ ನೇಯ್ದರೆ ಕಂಬಳಿ. ಫೆಲ್ಟ್‌ಗೆ ನೂಲೂ ಬೇಡ, ಮಗ್ಗವೂ ಬೇಡ. ಬಹಳ ದಿನ ಬಾಚದೆ ಬಿಟ್ಟ ಕೂದಲು ತಾನಾಗಿಯೇ ಜಡೆಗಟ್ಟುತ್ತದಲ್ಲ, ಅದೇ ತತ್ವ. ಮೊಲದ ಅಥವಾ ಬೀವರ್‌ನ (ಮರ ಕಡಿದು ಹೊಳೆಗೆ ಅಡ್ಡ ಕಟ್ಟೆ ಕಟ್ಟುವ ಪ್ರಾಣಿ ಇದು) ಒಳತುಪ್ಪಳದ ಒಂದೊಂದು ಎಳೆಯ ಮೇಲೂ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ತುಪ್ಪಳವನ್ನು ಬಿಲ್ಲಿನಿಂದ ಹಿಂಜಿ, ಸಮನಾಗಿ ಹರಡಿ, ಬಿಸಿನೀರು ಹಾಕಿ ಉಜ್ಜುತ್ತ ಸುತ್ತುತ್ತ ಹೋದರೆ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಮತ್ತೆ ಮತ್ತೆ ಕುದಿನೀರಿಗೆ ಅದ್ದಿದಂತೆ ಹಾಳೆ ಕುಗ್ಗುತ್ತ, ದಪ್ಪವಾಗುತ್ತ, ಕೊನೆಗೆ ಮಳೆನೀರು ಒಳಗಿಳಿಯದಷ್ಟು ಗಟ್ಟಿಯಾಗುತ್ತದೆ. ಅದನ್ನು ಮರದ ಅಚ್ಚಿನ ಮೇಲೆ ಎಳೆದು ಕೂರಿಸಿದರೆ ಟೋಪಿಯ ಆಕಾರ ಬರುತ್ತದೆ.

ಈ ಕಸುಬಿಗೆ ಒಂದು ಕೆಟ್ಟ ಮುಖವೂ ಇತ್ತು. ತುಪ್ಪಳ ಬೇಗ ಹೆಣೆದುಕೊಳ್ಳಲೆಂದು ಪಾದರಸದ ದ್ರಾವಣ ಹಚ್ಚುತ್ತಿದ್ದರು. ಹಬೆ ತುಂಬಿದ ಕೋಣೆಯಲ್ಲಿ ಆ ವಿಷ ಉಸಿರಿನ ಜೊತೆ ಒಳಗೆ ಹೋಗುತ್ತಿತ್ತು. ಟೋಪಿ ಕೆಲಸಗಾರರ ಕೈ ನಡುಗುವುದು, ಹಲ್ಲು ಸಡಿಲಾಗುವುದು, ಸ್ವಭಾವವೇ ಬದಲಾಗುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. 1860ರಲ್ಲಿ ಇದೇ ಆರೆಂಜ್ ಊರಿನ ವೈದ್ಯರೊಬ್ಬರು ಟೋಪಿಗಾರರ ಪಾದರಸದ ರೋಗದ ಬಗ್ಗೆ ಪ್ರಬಂಧ ಬರೆದು ಪ್ರಕಟಿಸಿದರು. ಅಮೆರಿಕದ ಟೋಪಿ ಉದ್ಯಮದಿಂದ ಪಾದರಸ ಹೊರಟುಹೋದದ್ದು 1941ರಲ್ಲಿ. ನಡುವಿನ 81 ವರ್ಷದ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಜಾನ್ ಅವರಿಗೆ ತಗುಲಿದ್ದು ಕ್ಷಯ. ಆಗ ಅದಕ್ಕೆ ಮದ್ದಿರಲಿಲ್ಲ. ಬಹಳ ದಿನ ಬದುಕುವುದಿಲ್ಲ ಎಂಬ ಮಾತು ಕೇಳಿಸಿಕೊಂಡ ತರುಣ, ಸಾಯುವ ಮುಂಚೆ ಪಶ್ಚಿಮದ ಬಯಲು ನಾಡನ್ನಾದರೂ ನೋಡೋಣ, ಅಲ್ಲಿಯ ಒಣ ಹವೆಯಿಂದ ಗುಣವಾದರೂ ಆಗಲಿ ಎಂದು ಅಪ್ಪನ ಕಸುಬು ಬಿಟ್ಟು ಹೊರಟರು. ಮಿಸೌರಿ ರಾಜ್ಯದ ಸೇಂಟ್ ಜೋಸೆಫ್‌ನಲ್ಲಿ ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಸೇರಿ, ಮೇಲೆ ಬಂದು, ಅದರಲ್ಲಿ ಪಾಲುದಾರರೂ ಆದರು. ಅಷ್ಟರಲ್ಲಿ ಮಿಸೌರಿ ನದಿ ಉಕ್ಕಿ ಇಟ್ಟಿಗೆಯನ್ನೆಲ್ಲ ಕೊಚ್ಚಿಕೊಂಡು ಹೋಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಸೈನ್ಯಕ್ಕೆ ಹೆಸರು ಕೊಡಲು ಹೋದರು. ಎದೆ ಸರಿಯಿಲ್ಲವೆಂದು ತಿರುಗಿ ಕಳಿಸಿದರು. ಮೂವತ್ತು ದಾಟಿದ ವಯಸ್ಸಿನಲ್ಲಿ ಕೈಯಲ್ಲಿ ಕಾಸಿಲ್ಲ, ಮೈಯಲ್ಲಿ ಶಕ್ತಿಯಿಲ್ಲ. ಆಗ ಕೊಲೊರಾಡೊದ ಪೈಕ್ಸ್ ಪೀಕ್ ಬೆಟ್ಟದ ಕಡೆ ಚಿನ್ನ ಸಿಗುತ್ತದೆ ಎಂದು ಜನ ಓಡುತ್ತಿದ್ದ ಕಾಲ. ಅಂಥದೊಂದು ತಂಡದ ಜೊತೆ ಅವರೂ ನೂರಾರು ಮೈಲಿ ನಡೆದು ಹೊರಟರು.

ದಾರಿಯಲ್ಲಿ ನಡೆದದ್ದು ಅವರ ಕಂಪನಿಯವರು ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ಕಥೆ. ಮಳೆ ಗಾಳಿಗೆ ಆಸರೆಯಿಲ್ಲದ ತಂಡದವರು ಬೇಟೆಯಾಡಿದ ಪ್ರಾಣಿಗಳ ಹಸಿ ಚರ್ಮಗಳನ್ನೇ ಹೊಲಿದು ಡೇರೆ ಮಾಡಿಕೊಂಡಿದ್ದರು. ಹದ ಮಾಡದ ಚರ್ಮ ಕೊಳೆತು ನಾರುತ್ತಿತ್ತು. ನೇಯ್ಗೆಯಿಲ್ಲದೆಯೇ ಬಟ್ಟೆ ಮಾಡಬಹುದು ಎಂದು ಜಾನ್ ಹೇಳಿದಾಗ ಯಾರೂ ನಂಬಲಿಲ್ಲ. ಅವರು ಕೊಡಲಿಯ ಅಲಗಿನಿಂದ ತುಪ್ಪಳ ಹೆರೆದು, ಎಳೆಯ ಗಿಡದ ಕೊಂಬೆಗೆ ತೊಗಲಿನ ದಾರ ಬಿಗಿದು ಬಿಲ್ಲು ಮಾಡಿಕೊಂಡು, ತುಪ್ಪಳವನ್ನು ಹಿಂಜಿ ಹರಡಿದರು. ಬಾಯಲ್ಲಿ ನೀರು ತುಂಬಿಕೊಂಡು ಅದರ ಮೇಲೆ ಹನಿಹನಿಯಾಗಿ ಉಗಿದರು. ಹಾಳೆಯನ್ನು ಸುತ್ತಿ ಕುದಿನೀರಿಗೆ ಅದ್ದಿ ಅದ್ದಿ ತೆಗೆದರು. ಕೊನೆಗೆ ಬೆಚ್ಚನೆಯ ಒಂದು ಫೆಲ್ಟ್ ಹೊದಿಕೆ ಸಿದ್ಧವಾಯಿತು. ಕಂಪನಿಗಳು ತಮ್ಮ ಸ್ಥಾಪಕರ ಬಗ್ಗೆ ಹೇಳುವ ಕಥೆಗಳಿಗೆ ಸ್ವಲ್ಪ ಬಣ್ಣ ಇರುತ್ತದೆ, ನಾನು ಕೆಲಸ ಮಾಡುವ ಕ್ಷೇತ್ರದಲ್ಲಿ ಇಂಥವು ಬೇಕಾದಷ್ಟಿವೆ. ಆದರೆ ಆ ಬಿಲ್ಲಿನ ಮಾತನ್ನು ನಾನು ನಂಬುತ್ತೇನೆ. ಹಿಂಜುವುದು ಗೊತ್ತಿರುವವರಿಗೆ ಬಿಲ್ಲು ಮಾಡಿಕೊಳ್ಳುವುದು ದೊಡ್ಡ ಮಾತಲ್ಲ. ಅಜ್ಜ ನಮಗೆ ಆಟಕ್ಕೆಂದು ಬಿದಿರಿನ ಪುಟ್ಟ ಬಿಲ್ಲು ಕಟ್ಟಿಕೊಡುತ್ತಿದ್ದರು.

ಹೊದಿಕೆಯ ನಂತರ ತಮಗಾಗಿ ಒಂದು ಟೋಪಿ ಮಾಡಿಕೊಂಡರು. ಬಿಸಿಲಿಗೆ ಮಳೆಗೆ ತಡೆಯಾಗುವಂತೆ ಅಂಚು ವಿಪರೀತ ಅಗಲ, ಮೇಲ್ಭಾಗ ಎತ್ತರ. ಅರ್ಧ ತಮಾಷೆಗೆ ಮಾಡಿದ ಆ ಟೋಪಿ ನೋಡಿ ಜೊತೆಯವರು ನಕ್ಕರು. ಆದರೆ ಕುದುರೆಯ ಮೇಲೆ ಬಂದ ಒಬ್ಬ ಅಪರಿಚಿತ ಅದನ್ನು ಹಾಕಿ ನೋಡಿ, ಐದು ಡಾಲರಿನ ಚಿನ್ನದ ನಾಣ್ಯ ಕೊಟ್ಟು ಕೊಂಡುಕೊಂಡು ಹೋದ. ಚಿನ್ನ ಹುಡುಕಲು ಹೋದವರಿಗೆ ಆ ದಾರಿಯಲ್ಲಿ ಸಿಕ್ಕ ಚಿನ್ನ ಹೆಚ್ಚೂ ಕಡಿಮೆ ಅಷ್ಟೇ.

ಎದೆಯ ರೋಗ ಮಾತ್ರ ಬಯಲ ಗಾಳಿಗೆ ಸುಧಾರಿಸಿತ್ತು. 1865ರಲ್ಲಿ ಪೂರ್ವಕ್ಕೆ ಮರಳಿ ಫಿಲಡೆಲ್ಫಿಯಾ ನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದರು. ಬಂಡವಾಳ ನೂರು ಡಾಲರ್, ಅದರಲ್ಲಿ ಹತ್ತು ಡಾಲರಿನ ತುಪ್ಪಳ. ಬಿಟ್ಟು ಹೋಗಿದ್ದ ಅಪ್ಪನ ಕಸುಬನ್ನೇ ಮತ್ತೆ ಕೈಗೆತ್ತಿಕೊಂಡರು. ಮೊದಲಿಗೆ ಊರಿನವರು ಹಾಕುವ ಟೋಪಿಗಳನ್ನೇ ಮಾಡಿದರು. ಅಂಥವನ್ನು ಮಾಡುವವರು ಆ ನಗರದಲ್ಲಿ ಬೇಕಾದಷ್ಟು ಜನ ಇದ್ದರು, ವ್ಯಾಪಾರ ಏಳಲಿಲ್ಲ. ಆಗ ಕುದುರೆ ಸವಾರ ಕೊಂಡ ಆ ಟೋಪಿ ನೆನಪಾಯಿತು. ಪಶ್ಚಿಮದ ದನ ಕಾಯುವವರು ತಲೆಗೆ ಏನು ಸಿಕ್ಕರೆ ಅದನ್ನು ಹಾಕಿಕೊಂಡು ಬಿಸಿಲಲ್ಲಿ ಬೇಯುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. ನಾಲ್ಕು ಅಂಗುಲ ಅಗಲದ ಚಪ್ಪಟೆ ಅಂಚು, ಸುಮಾರು ಅಷ್ಟೇ ಎತ್ತರದ ನೆತ್ತಿ, ಒಳಗೆ ಬೆವರು ಹೀರುವ ಪಟ್ಟಿ. ಇಷ್ಟೇ ಇದ್ದ ಸರಳ ಟೋಪಿಗೆ ಬಾಸ್ ಆಫ್ ದಿ ಪ್ಲೇನ್ಸ್, ಅಂದರೆ ಬಯಲು ಸೀಮೆಯ ಯಜಮಾನ, ಎಂದು ಹೆಸರಿಟ್ಟರು. ಸಾಲದಲ್ಲಿ ಸಾಮಾನು ತಂದು, ಪಶ್ಚಿಮದ ಅಂಗಡಿಗಳಿಗೆ ಒಂದೊಂದು ಮಾದರಿ ಟೋಪಿ ಮತ್ತು ಒಂದು ಡಜನ್‌ಗೆ ಬೇಡಿಕೆ ಕೇಳುವ ಪತ್ರ ಕಳಿಸಿದರು. ಸುಮ್ಮನೆ ಕಳಿಸಿದ ಮಾದರಿಗಳು ಹಾಗೇ ಹೋಗಿದ್ದರೆ ಅವರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬೇಡಿಕೆಗಳು ಬಂದವು.

ಆ ಟೋಪಿಯಲ್ಲಿ ಕುದುರೆಗೆ ನೀರು ಕುಡಿಸಿದರು, ಒಲೆಯ ಕೆಂಡಕ್ಕೆ ಗಾಳಿ ಬೀಸಿದರು, ರಾತ್ರಿ ತಲೆದಿಂಬು ಮಾಡಿಕೊಂಡರು. ಸಿನಿಮಾಗಳಲ್ಲಿ ನಾವು ನೋಡುವ ಕೌಬಾಯ್ ಹ್ಯಾಟ್ ಅದರ ವಂಶದ್ದೇ. ಕೆನಡಾದ ಕುದುರೆ ಪೊಲೀಸರು ಇವತ್ತಿಗೂ ಸಮಾರಂಭಗಳಲ್ಲಿ ಹಾಕುವ ಅಗಲ ಟೋಪಿಗೂ ಸ್ಟೆಟ್ಸನ್ ಎಂದೇ ಹೆಸರು. ಒಬ್ಬ ಮನುಷ್ಯನ ಅಡ್ಡಹೆಸರು ವಸ್ತುವಿನ ಹೆಸರೇ ಆಗಿಬಿಟ್ಟಿತು.

ಒಂದು ಕೋಣೆಯ ಕೆಲಸ ಕಾರ್ಖಾನೆಯಾಗಿ ಬೆಳೆಯಿತು. ಸ್ಟೆಟ್ಸನ್ ಅವರ ಕೊನೆಗಾಲದ ಹೊತ್ತಿಗೆ ಅಲ್ಲಿ ಸುಮಾರು 3,500 ಜನ ದುಡಿಯುತ್ತಿದ್ದು, ವರ್ಷಕ್ಕೆ ಸುಮಾರು 20 ಲಕ್ಷ ಟೋಪಿಗಳು ಹೊರಬೀಳುತ್ತಿದ್ದವು. ಬಿಲ್ಲಿನ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಕೆಲಸಗಾರರಿಗಾಗಿ ಆಸ್ಪತ್ರೆ ಕಟ್ಟಿಸಿದರು, ಮನೆ ಕಟ್ಟಿಕೊಳ್ಳಲು ಸಾಲ ಕೊಡುವ ಸಂಘ ಮಾಡಿದರು, ಕ್ರಿಸ್‌ಮಸ್‌ಗೆ ಉಡುಗೊರೆ ಹಂಚಿದರು, ವರ್ಷವಿಡೀ ಬಿಡದೆ ದುಡಿದವರಿಗೆ ಹೆಚ್ಚುವರಿ ಹಣ ಕೊಟ್ಟರು. ಇದರಲ್ಲಿ ಕರುಣೆಯೂ ಇತ್ತು, ಕೈ ಪಳಗಿದ ಕೆಲಸಗಾರರು ಬೇರೆ ಕಡೆ ಹೋಗದಿರಲಿ ಎಂಬ ಲೆಕ್ಕಾಚಾರವೂ ಇತ್ತು ಎಂದು ನನಗೆ ಅನ್ನಿಸುತ್ತದೆ. ನೌಕರರನ್ನು ಹಿಡಿದಿಟ್ಟುಕೊಳ್ಳುವ ಇಂಥ ಉಪಾಯಗಳನ್ನು ನಾವು ಐಟಿಯವರು ಚೆನ್ನಾಗಿ ಬಲ್ಲೆವು. ಆದರೂ 19ನೇ ಶತಮಾನದ ಎಷ್ಟೋ ಕಾರ್ಖಾನೆಗಳಲ್ಲಿ ಕಾಯಿಲೆ ಬಿದ್ದವರನ್ನು ಗೇಟಿನ ಹೊರಗೆ ಹಾಕುತ್ತಿದ್ದಾಗ ಇವರು ಆಸ್ಪತ್ರೆ ಕಟ್ಟಿಸಿದ್ದು ಸಣ್ಣದಲ್ಲ. ಕಾಯಿಲೆಯವರೆಂದು ತಾವೇ ಒಮ್ಮೆ ತಿರುಗಿ ಕಳಿಸಿಕೊಂಡವರಲ್ಲವೇ.

ಶಾಲೆಯ ಸಂಚಿಕೆಗೆ ಇವರು ಯಾಕೆ ಸಲ್ಲುತ್ತಾರೆ ಎಂಬುದಕ್ಕೂ ಉತ್ತರವಿದೆ. ದಕ್ಷಿಣದ ಫ್ಲಾರಿಡಾ ರಾಜ್ಯದ ಡಿಲ್ಯಾಂಡ್ ಎಂಬ ಚಿಕ್ಕ ಊರಿನಲ್ಲಿ ಹೆನ್ರಿ ಡಿಲ್ಯಾಂಡ್ ಎಂಬುವವರು 1883ರಲ್ಲಿ ಒಂದು ವಿದ್ಯಾಸಂಸ್ಥೆ ತೆರೆದಿದ್ದರು. ಕೆಲವೇ ವರ್ಷಗಳಲ್ಲಿ ಕೊರೆಯುವ ಚಳಿಗೆ ಅಲ್ಲಿಯ ಕಿತ್ತಳೆ ತೋಟಗಳು ಹಾಳಾಗಿ ಅವರ ಕೈ ಬರಿದಾಯಿತು. ಚಳಿಗಾಲ ಕಳೆಯಲು ಆ ಊರಿಗೆ ಬಂದು ಮನೆ ಕಟ್ಟಿಸಿಕೊಂಡಿದ್ದ ಸ್ಟೆಟ್ಸನ್ ಸಂಸ್ಥೆಗೆ ಧಾರಾಳವಾಗಿ ಹಣ ಕೊಟ್ಟು ಉಳಿಸಿದರು. 1889ರಲ್ಲಿ ಅದಕ್ಕೆ ಅವರ ಹೆಸರನ್ನೇ ಇಡಲಾಯಿತು. ಸರಿಯಾಗಿ ಶಾಲೆಯ ಮೆಟ್ಟಿಲು ಹತ್ತದವರ ಹೆಸರಿನ ವಿಶ್ವವಿದ್ಯಾಲಯದಲ್ಲಿ 1900ರಲ್ಲಿ ಫ್ಲಾರಿಡಾದ ಮೊದಲ ಕಾನೂನು ಕಾಲೇಜು ಶುರುವಾಯಿತು. ಒಂದು ಮಾತು ಮುಚ್ಚಿಡಬಾರದು: ಅಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು 1962ರಲ್ಲಿ. ಯಾವ ಕಸುಬಿನವರ ಮಕ್ಕಳಾದರೂ ಒಂದೇ ಬೆಂಚಿನ ಮೇಲೆ ಕೂತ ಶಾಲೆಯಿಂದ ಬಂದ ನನಗೆ ಇದನ್ನು ಓದಿದಾಗ ಕಸಿವಿಸಿಯಾಯಿತು.

ಬಹಳ ದಿನ ಬದುಕುವುದಿಲ್ಲ ಎನ್ನಿಸಿಕೊಂಡಿದ್ದ ಸ್ಟೆಟ್ಸನ್ 1906ರ ಫೆಬ್ರವರಿ 18ರಂದು ಡಿಲ್ಯಾಂಡ್‌ನ ತಮ್ಮ ಮನೆಯಲ್ಲಿ, 75ನೇ ವಯಸ್ಸಿನಲ್ಲಿ ತೀರಿಕೊಂಡರು. ಎರಡನೇ ಮಹಾಯುದ್ಧದ ನಂತರ ಜನ ಟೋಪಿ ಹಾಕುವುದನ್ನೇ ಕಡಿಮೆ ಮಾಡಿದರು. ಫಿಲಡೆಲ್ಫಿಯಾದ ಆ ದೊಡ್ಡ ಕಾರ್ಖಾನೆ 1971ರಲ್ಲಿ ಮುಚ್ಚಿತು. ಸ್ಟೆಟ್ಸನ್ ಹೆಸರಿನ ಟೋಪಿಗಳು ಆಮೇಲೆ ಡಲ್ಲಾಸ್ ಪಕ್ಕದ ಗಾರ್ಲೆಂಡ್‌ನಲ್ಲಿ ತಯಾರಾಗತೊಡಗಿದವು. ವಿಶ್ವವಿದ್ಯಾಲಯದ ಕ್ರೀಡಾ ತಂಡಗಳನ್ನು ಈಗಲೂ ಹ್ಯಾಟರ್ಸ್, ಅಂದರೆ ಟೋಪಿಗಾರರು, ಎಂದೇ ಕರೆಯುತ್ತಾರೆ. ಡಾಕ್ಟರ್, ವಕೀಲರ ಮಕ್ಕಳೂ ಎದೆಯ ಮೇಲೆ ಆ ಹೆಸರು ಹಾಕಿಕೊಂಡು ಮೈದಾನಕ್ಕೆ ಇಳಿಯುತ್ತಾರೆ.

ನಾನು ಆ ಅಂಗಡಿಯಲ್ಲಿ ಟೋಪಿ ಕೊಳ್ಳಲಿಲ್ಲ, ಬೆಲೆ ನೋಡಿ ಮೆಲ್ಲಗೆ ಇಟ್ಟುಬಂದೆ. ಊರಿಗೆ ಬಂದಾಗ ಅಟ್ಟ ಹತ್ತಿ ಅಜ್ಜನ ಬಿಲ್ಲು ಹುಡುಕಿದೆ. ಮರ ಚೆನ್ನಾಗಿಯೇ ಇದೆ, ಹುರಿಯನ್ನು ಇಲಿ ಕಡಿದಿದೆ. ಮಹೋತ್ಸವದ ವಸ್ತು ಪ್ರದರ್ಶನಕ್ಕೆ ಅದನ್ನು ಕೊಡುತ್ತೇನೆ ಎಂದು ಗುರುಗಳಿಗೆ ಹೇಳಿದ್ದೇನೆ. ಅಪ್ಪನಿಗೆ ಹುರಿ ಬಿಗಿಯುವುದು ಮರೆತುಹೋಗಿದೆಯಂತೆ. ಊರಿನ ಹಿರಿಯರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಪ್ರದರ್ಶನದ ಹಿಂದಿನ ದಿನ ಶಾಲೆಯ ಹತ್ತಿರ ಬರಬೇಕು. ಬಿಲ್ಲಿನ ಕೆಳಗೆ ಅಂಟಿಸುವ ಚೀಟಿಯಲ್ಲಿ ಅಜ್ಜನ ಹೆಸರು ಮತ್ತು ಕಸುಬನ್ನು ನಾನೇ ನನ್ನ ಕೈಯಿಂದ ಬರೆಯುತ್ತೇನೆ.