ಮೊಗಲರ ಎದುರು ನಿಂತ ಕೆಳದಿಯ ಸೊಸೆ

ಕಾಸರಗೋಡು: ಬೇಕಲ ಕೋಟೆ ನೋಡಿದವರಿಗೆಲ್ಲ ಶಿವಪ್ಪ ನಾಯಕನ ಹೆಸರು ಗೊತ್ತು. ಚಂದ್ರಗಿರಿ ಕೋಟೆಯೂ ಅವನ ಹೆಸರಿನಲ್ಲೇ ಉಂಟು. ಆದರೆ ಆತನ ಸೊಸೆ ಚೆನ್ನಮ್ಮಾಜಿಯ ಸುದ್ದಿ ಬಂದರೆ ಹೆಚ್ಚಿನವರಿಗೆ ನೆನಪಾಗುವುದು ಕಿತ್ತೂರಿನ ರಾಣಿಯೇ. ಕಿತ್ತೂರಿನವಳು ಇಂಗ್ಲಿಷರ ಎದುರು ನಿಂತದ್ದು 1824ರಲ್ಲಿ. ಕೆಳದಿಯ ಚೆನ್ನಮ್ಮಾಜಿ ಅದಕ್ಕಿಂತ ನೂರೈವತ್ತು ವರ್ಷ ಹಿಂದಿನವಳು.

ಕೋಟಿಪುರದ ಸಿದ್ದಪ್ಪ ಶೆಟ್ಟಿಯ ಮಗಳು ಈಕೆ. 1667ರಲ್ಲಿ ಸೋಮಶೇಖರ ನಾಯಕನನ್ನು ಮದುವೆಯಾಗಿ ಬಿದನೂರು ಅರಮನೆಗೆ ಬಂದಳು. ಮಾವ ಶಿವಪ್ಪ ನಾಯಕ ತೀರಿಹೋಗಿ ಆಗಲೇ ಏಳು ವರ್ಷವಾಗಿತ್ತು. ಸುಖ ಹೆಚ್ಚು ದಿನ ಉಳಿಯಲಿಲ್ಲ. ಗಂಡ ನರ್ತಕಿಯೊಬ್ಬಳ ಸಹವಾಸದಲ್ಲಿ ರಾಜ್ಯಭಾರ ಮರೆತ, 1671ರಲ್ಲಿ ಕೊಲೆಯಾದ. ಮಕ್ಕಳಿಲ್ಲ. ಅದೇ ಸಮಯ ನೋಡಿ ಬಿಜಾಪುರದ ಸೈನ್ಯ ಬಾಗಿಲಿಗೆ ಬಂತು. ರಾಣಿ ಬಿದನೂರು ಬಿಟ್ಟು ಭುವನಗಿರಿ ದುರ್ಗ, ಅಂದರೆ ಇಂದಿನ ಕವಲೇದುರ್ಗ ಸೇರಿದಳು. ಅಲ್ಲಿಂದಲೇ ದಂಡು ಕೂಡಿಸಿ ರಾಜಧಾನಿಯನ್ನು ಮರಳಿ ಪಡೆದಳು.

ಪಟ್ಟವೇರಿದರೆ ಆಯಿತೇ? ಮುಂದೆ ಯಾರು ಎಂಬ ಪ್ರಶ್ನೆ ಇದ್ದೇ ಇತ್ತು. ವಾರಸುದಾರರಿಲ್ಲದ ರಾಜ್ಯಕ್ಕೆ ಕಣ್ಣು ಹಾಕುವವರು ಧಾರಾಳ. ಹಾಗಾಗಿ ಬಸಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡು ರಾಜ್ಯಭಾರ ಕಲಿಸಿದಳು. ಗೋವೆಯ ಪೋರ್ಚುಗೀಸರಿಗೆ ಕರಾವಳಿಯ ಅಕ್ಕಿ ಬೇಕಿತ್ತು, ಕೆಳದಿಗೆ ಸಮುದ್ರ ವ್ಯಾಪಾರ ಬೇಕಿತ್ತು. 1678ರ ಒಪ್ಪಂದದಲ್ಲಿ ಅವರಿಗೆ ವ್ಯಾಪಾರಕ್ಕೂ ಇಗರ್ಜಿ ಕಟ್ಟಲಿಕ್ಕೂ ಅನುಮತಿ ಸಿಕ್ಕಿತು.

ನಿಜವಾದ ಪರೀಕ್ಷೆ ಬಂದದ್ದು 1689ರಲ್ಲಿ. ಔರಂಗಜೇಬ ಮೂರು ವರ್ಷಗಳ ಹಿಂದೆ ಬಿಜಾಪುರವನ್ನು, ಮರುವರ್ಷ ಗೋಲ್ಕೊಂಡವನ್ನು ನುಂಗಿದ್ದ. ಈಗ ಸಂಭಾಜಿಯನ್ನೂ ಕೊಲ್ಲಿಸಿದ. ಶಿವಾಜಿಯ ಕಿರಿಮಗ ರಾಜಾರಾಮನಿಗೆ ಇನ್ನೂ ಹತ್ತೊಂಬತ್ತು ವರ್ಷ. ವೇಷ ಮರೆಸಿಕೊಂಡು ಜಿಂಜಿಯ ಕಡೆ ಓಡುತ್ತಿದ್ದವನಿಗೆ ದಾರಿ ಬೇಕಿತ್ತು. ದಾರಿ ಬಿಟ್ಟರೆ ಮೊಗಲ ಸೈನ್ಯ ಬರುವುದು ಖಂಡಿತ, ಹಿಡಿದುಕೊಟ್ಟರೆ ಬಾದಶಹನ ಮೆಚ್ಚುಗೆ. ಹಿಂದೆ ಮರಾಠರೂ ಕೆಳದಿಯ ಬಂದರುಗಳನ್ನು ದೋಚಿದವರೇ, ದೊಡ್ಡ ಉಪಕಾರವೇನೂ ಮಾಡಿರಲಿಲ್ಲ. ಆದರೂ ಚೆನ್ನಮ್ಮಾಜಿ ಆಶ್ರಯ ಕೊಟ್ಟು, ತನ್ನ ಸೀಮೆಯಿಂದ ಸುರಕ್ಷಿತವಾಗಿ ದಾಟಿಸಿದಳು. ರಾಜಾರಾಮ ಆ ವರ್ಷದ ಕೊನೆಗೆ ಜಿಂಜಿ ಮುಟ್ಟಿದ.

ಸುದ್ದಿ ತಿಳಿದದ್ದೇ ತಡ, ಮೊಗಲ ದಂಡು ಬಿದನೂರಿನ ಮೇಲೆ ಬಂತು. ಮಲೆನಾಡಿನ ಕಾಡು, ಕಣಿವೆ, ಇಕ್ಕಟ್ಟು ದಾರಿ ಬಯಲುಸೀಮೆಯ ಸೈನಿಕರಿಗೆ ಹೊಸತು. ಇತ್ತ ಸಂತಾಜಿ ಘೋರ್ಪಡೆಯೂ ರಾಣಿಯ ಸಹಾಯಕ್ಕೆ ಬಂದ. ಕೊನೆಗೆ ರಾಜಿಯಾಯಿತು. ಕೆಳದಿ ಸಣ್ಣ ಮೊತ್ತದ ಕಾಣಿಕೆ ಕೊಟ್ಟಿತು. ಇದನ್ನು ಪೂರ್ಣ ಜಯವೆನ್ನುವುದು ಸರಿಯಲ್ಲ. ಆದರೆ ಬಿಜಾಪುರ, ಗೋಲ್ಕೊಂಡಗಳಂಥ ದೊಡ್ಡ ಸಂಸ್ಥಾನಗಳೇ ಮುಳುಗಿದ ಆ ಕಾಲದಲ್ಲಿ ಕೆಳದಿ ಉಳಿಯಿತು, ಶರಣು ಬಂದವನೂ ಉಳಿದ.

ಇಪ್ಪತ್ತೈದು ವರ್ಷ ಆಳಿದ ಚೆನ್ನಮ್ಮಾಜಿ 1697ರಲ್ಲಿ ತೀರಿಕೊಂಡಳು. ದತ್ತುಮಗ ಬಸಪ್ಪ ನಾಯಕ ಪಟ್ಟಕ್ಕೆ ಬಂದು 1714ರ ತನಕ ಆಳಿದ. ಕಾಞಂಗಾಡಿನ ಹೊಸದುರ್ಗ ಕೋಟೆ ಎದ್ದದ್ದು ಅವನ ನಂತರ ಬಂದ ಇನ್ನೊಬ್ಬ ಸೋಮಶೇಖರ ನಾಯಕನ ಕಾಲದಲ್ಲಿ.